ಟ್ರೈಗೆ ಆಗ ಮೂರೇ ಅಂಕ: ಹೊಸ ಲೇಖಕಿಯೊಬ್ಬರಿಗೆ ಸಂಪಾದಕರ ಉತ್ತರ

ಆತ್ಮೀಯರೇ, ನಮಸ್ಕಾರ.

ನೀವು ಸಿಡ್ನಿಯಿಂದ ಕಳಿಸಿದ 'ಜಿಲ್ಲರೂಸ್: ಅಜೇಯ ವನಿತೆಯರು' ಲೇಖನವನ್ನು ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಹಾಗೆಂದು ಎರಡು ಸಾಲಿನ ವಿಷಾದಪತ್ರ ಬರೆದು ಕೈತೊಳೆದುಕೊಳ್ಳಲೂ ಮನಸ್ಸು ಬರುತ್ತಿಲ್ಲ. ಜಿಲ್ಲರೂಸ್ ಎಂದು ಕರೆಸಿಕೊಳ್ಳುವ ಆಸ್ಟ್ರೇಲಿಯಾದ ಮಹಿಳಾ ರಗ್ಬಿ ಲೀಗ್ ತಂಡದ ಚರಿತ್ರೆಯನ್ನು ಕನ್ನಡದಲ್ಲಿ ಬರೆಯುತ್ತೇನೆ ಎಂದು ಹೊರಡುವವರು ದಿನಾ ಸಿಗುವುದಿಲ್ಲ. ಮುಲಾಜು ನೋಡದೆ ಹೇಳಿ ಎಂದು ನೀವೇ ಕೇಳಿದ್ದೀರಿ, ಹೇಳುತ್ತೇನೆ.

ತಕರಾರು ಶೀರ್ಷಿಕೆಯಿಂದಲೇ ಶುರು. 'ಅಜೇಯ' ಎಂದಿರಿ. ನಿಮ್ಮದೇ ಲೇಖನದ ಕೊನೆಯ ಪಟ್ಟಿ ಅದನ್ನು ಒಪ್ಪುವುದಿಲ್ಲ. 2000ದ ಮೊದಲ ಮಹಿಳಾ ವಿಶ್ವಕಪ್‌ನ ಫೈನಲ್‌ನಲ್ಲಿ ನ್ಯೂಜಿಲೆಂಡ್ ಗ್ರೇಟ್ ಬ್ರಿಟನ್ನನ್ನು 26-4ರಿಂದ ಸೋಲಿಸಿತು. 2003ರ ಫೈನಲ್ ನ್ಯೂಜಿಲೆಂಡ್ ಮತ್ತು ನ್ಯೂಜಿಲೆಂಡ್ ಮಾವೊರಿ ತಂಡಗಳ ನಡುವೆ ನಡೆಯಿತು. ಎರಡರಲ್ಲೂ ಆಸ್ಟ್ರೇಲಿಯಾ ಇಲ್ಲ. 2008ರಲ್ಲಿ ತವರು ನೆಲದಲ್ಲೇ ಫೈನಲ್ ತಲುಪಿ 0-34ರಿಂದ ಸೋತಿತು. ಒಂದೇ ಒಂದು ಅಂಕವೂ ದಕ್ಕಲಿಲ್ಲ! ಈ ಮೂರೂ ವಿಶ್ವಕಪ್‌ಗಳನ್ನು 'ಆರಂಭದ ಏಳುಬೀಳುಗಳ ನಂತರ' ಎಂಬ ಮೂರು ಪದಗಳಲ್ಲಿ ಮುಗಿಸಿ, 2013ರ ಗೆಲುವಿಗೆ ಒಂದೂವರೆ ಪುಟ ಕೊಟ್ಟಿದ್ದೀರಿ. ಆ ಗೆಲುವು ದೊಡ್ಡದು ಎಂದು ಓದುಗರಿಗೆ ಹೇಗೆ ಗೊತ್ತಾಗಬೇಕು? ಕಿವಿ ಫರ್ನ್ಸ್ ಎಂಬ ನ್ಯೂಜಿಲೆಂಡ್ ತಂಡ ಮೂರು ಬಾರಿ ಕಪ್ ಎತ್ತಿದ್ದನ್ನು ಕಣ್ಣಿಗೆ ಕಟ್ಟಿಸಿದರೆ ಮಾತ್ರ ಲೀಡ್ಸ್‌ನ ಹೆಡಿಂಗ್ಲಿಯಲ್ಲಿ ಬಂದ 22-12ಕ್ಕೆ ಅರ್ಥ ಬರುತ್ತದೆ. ಎದುರಾಳಿಯ ಹೆಸರನ್ನು ನೀವು ಇಡೀ ಲೇಖನದಲ್ಲಿ ಎರಡೇ ಕಡೆ, ಅದೂ ಸ್ಕೋರ್ ಹೇಳುವಾಗ, ತಂದಿದ್ದೀರಿ. ಇನ್ನು 2023ರ ಅಕ್ಟೋಬರ್‌ನಲ್ಲಿ ಮೆಲ್ಬರ್ನ್‌ನಲ್ಲಿ ಅದೇ ಫರ್ನ್ಸ್ 16-12ರಿಂದ ಗೆದ್ದರಲ್ಲ, ಅದು ನಿಮ್ಮ ಪಟ್ಟಿಯಲ್ಲೂ ಇಲ್ಲ. ಅಭಿಮಾನಿಯಾಗಿ ಬರೆಯುವುದಕ್ಕೆ ನನ್ನ ಅಡ್ಡಿಯಿಲ್ಲ. ಸೋಲನ್ನು ಬಚ್ಚಿಡುವುದಕ್ಕೆ ಇದೆ.

ಈಗ ಮೂರನೆಯ ಪುಟಕ್ಕೆ ಬನ್ನಿ. ಲೇಖನದಲ್ಲಿ ನನಗೆ ತೀರಾ ಹಿಡಿಸಿದ ಸಂಗತಿ ಅಲ್ಲಿದೆ, ನೀವು ಅದನ್ನು ಅತ್ಯಂತ ಕೆಟ್ಟದಾಗಿ ಬಳಸಿರುವುದೂ ಅಲ್ಲಿಯೇ. 1921ರ ಸೆಪ್ಟೆಂಬರ್ 17. ಸಿಡ್ನಿಯ ಅಗ್ರಿಕಲ್ಚರಲ್ ಗ್ರೌಂಡ್. ಮೆಟ್ರೊಪಾಲಿಟನ್ ಮತ್ತು ಸಿಡ್ನಿ ಎಂಬ ಎರಡು ಮಹಿಳಾ ತಂಡಗಳ ಪಂದ್ಯ ನೋಡಲು ಸುಮಾರು 20,000 ಜನ. ಮ್ಯಾಗಿ ಮೊಲೊನಿ ಎಂಬ ಆಟಗಾರ್ತಿ ಒಬ್ಬಳೇ ನಾಲ್ಕು ಟ್ರೈ (ಎದುರಾಳಿಯ ಗೋಲು ಗೆರೆಯಾಚೆ ಚೆಂಡನ್ನು ನೆಲಕ್ಕೆ ತಾಗಿಸುವುದು) ಹೊಡೆದಳು. ಮೆಟ್ರೊಪಾಲಿಟನ್ 21-11ರಿಂದ ಗೆದ್ದಿತು. ಇಷ್ಟನ್ನೂ ಹುಡುಕಿ ತಂದವರು ನೀವು, ಶಭಾಷ್. ಆಮೇಲೆ ಏನು ಮಾಡಿದಿರಿ? 'ಮ್ಯಾಗಿಯ ನಾಲ್ಕು ಟ್ರೈಗಳಿಂದ 16 ಅಂಕ ಬಂದವು, ಆರನೆಯ ಟ್ಯಾಕಲ್‌ಗೂ ಮುನ್ನ ಚೆಂಡನ್ನು ದಾಟಿಸುವ ಚಾಕಚಕ್ಯತೆ ಆಕೆಗಿತ್ತು' ಎಂದು ಬರೆದಿರಿ. 1921ರಲ್ಲಿ ಟ್ರೈಗೆ ಮೂರು ಅಂಕ. ನಾಲ್ಕು ಆದದ್ದು 1983ರಲ್ಲಿ. ಹಾಗಾಗಿ ಆಕೆಯ ಪಾಲು 12. ಆರು ಟ್ಯಾಕಲ್‌ಗಳ ಮಿತಿಯೂ, ಅಂದರೆ ಆರು ಸಲ ಹಿಡಿದು ಕೆಡವಿಸಿಕೊಂಡರೆ ಚೆಂಡು ಎದುರಾಳಿಗೆ ಎಂಬ ನಿಯಮವೂ, ಆಗ ಇರಲಿಲ್ಲ. ಚೆಂಡು ಕೈತಪ್ಪುವವರೆಗೂ ಒಂದೇ ತಂಡ ಅದನ್ನು ಇಟ್ಟುಕೊಂಡು ನುಗ್ಗುತ್ತಲೇ ಇರಬಹುದಿತ್ತು. 1960ರ ದಶಕದ ಕೊನೆಯಲ್ಲಿ ನಾಲ್ಕು ಟ್ಯಾಕಲ್‌ಗಳ ಮಿತಿ ಬಂತು, 1970ರ ದಶಕದ ಆರಂಭದಲ್ಲಿ ಅದು ಆರಾಯಿತು. ಇಂದಿನ ನಿಯಮವನ್ನು ನೂರು ವರ್ಷ ಹಿಂದಕ್ಕೆ ಎಳೆದುಕೊಂಡು ಹೋದದ್ದರಿಂದ, ನೀವು ಮ್ಯಾಗಿಯ ಆಟವನ್ನು ಕಂಡಿಲ್ಲ, ಊಹಿಸಿದ್ದೀರಿ ಎಂಬುದು ಬಯಲಾಯಿತು. ಊಹಿಸುವುದೇ ಆದರೆ ಆ ಕಾಲದ ನಿಯಮಗಳ ಒಳಗೆ ಊಹಿಸಿ.

ಅಂಕಗಳ ವಿಷಯ ಬಂತೆಂದು ಇನ್ನೊಂದು. ಎರಡನೆಯ ಪುಟದಲ್ಲಿ 'ಟ್ರೈಗೆ 4, ಅದರ ನಂತರದ ಕಿಕ್ ಗೋಲಾದರೆ 2, ಪೆನಾಲ್ಟಿ ಗೋಲಿಗೂ 2' ಎಂದು ವಿವರಿಸಿದ್ದೀರಿ. ಆರನೆಯ ಪುಟದಲ್ಲಿ 2017ರ ವಿಶ್ವಕಪ್ ಫೈನಲ್‌ನ ಸ್ಕೋರ್ 23-16. ಎಲ್ಲವೂ ಸಮಸಂಖ್ಯೆಯಾಗಿರುವಾಗ 23 ಎಲ್ಲಿಂದ ಉದುರಿತು ಎಂದು ನಮ್ಮ ಓದುಗರಲ್ಲಿ ಒಬ್ಬರಾದರೂ ಪತ್ರ ಬರೆಯುತ್ತಾರೆ, ನನಗೆ ಅವರೆಲ್ಲ ಪರಿಚಿತರು. ಆಟ ನಡೆಯುತ್ತಿರುವಾಗಲೇ ಚೆಂಡನ್ನು ನೆಲಕ್ಕೆ ಪುಟಿಸಿ ಕಂಬಗಳ ನಡುವೆ ಒದ್ದರೆ ಸಿಗುವ ಫೀಲ್ಡ್ ಗೋಲಿನ ಒಂದು ಅಂಕವನ್ನು ಬಿಟ್ಟಿದ್ದೀರಿ. ಬ್ರಿಸ್ಬೇನ್‌ನಲ್ಲಿ ಆ ಡಿಸೆಂಬರ್ ದಿನ ಏಳೇ ಅಂಕಗಳ ಅಂತರವಿದ್ದ ಪಂದ್ಯದಲ್ಲಿ ಅದು ಸಣ್ಣ ವಿಷಯವಲ್ಲ.

ಕಬಡ್ಡಿಯ ಹೋಲಿಕೆಯನ್ನು ಇಟ್ಟುಕೊಳ್ಳಿ, ಆದರೆ ಅಲ್ಲಿಗೇ ಬಿಡಬೇಡಿ. ಕಬಡ್ಡಿಯಲ್ಲಿ ಹಿಡಿದರೆ ಕಥೆ ಮುಗಿಯಿತು. ಇಲ್ಲಿ ಹಿಡಿದು ಕೆಡವಿದ ಮೇಲೆ ಬಿಡಬೇಕು; ಬಿದ್ದವಳು ಎದ್ದು ನಿಂತು ಚೆಂಡನ್ನು ನೆಲಕ್ಕಿಟ್ಟು ಅಂಗಾಲಿನಿಂದ ಹಿಂದಕ್ಕೆ ಉರುಳಿಸುತ್ತಾಳೆ, ಆಟ ಮತ್ತೆ ಶುರು. ಹಾಗೆ ಆರು ಸಲ ಕೆಡವಿಸಿಕೊಂಡರೆ ಚೆಂಡು ಎದುರಾಳಿಗೆ. ಅದಕ್ಕೇ ಐದನೆಯದರ ನಂತರ ಸಾಮಾನ್ಯವಾಗಿ ಚೆಂಡನ್ನು ದೂರಕ್ಕೆ ಒದೆಯುತ್ತಾರೆ. ಒಂದು ತಂಡದಲ್ಲಿ 13 ಜನ. ಈ ಐದು ವಾಕ್ಯಗಳು ಸಾಕು, ನಿಮ್ಮ ಎರಡು ಪುಟದ ನಿಯಮಾವಳಿ ಬೇಡ. ಭಾರತದ ಮಹಿಳೆಯರು 2019ರಲ್ಲಿ ಮನಿಲಾದಲ್ಲಿ ಸಿಂಗಪುರವನ್ನು 21-19ರಿಂದ ಸೋಲಿಸಿದ ಪ್ಯಾರಾವನ್ನೂ ತೆಗೆಯಿರಿ. ಹೆಮ್ಮೆಯ ಗೆಲುವೇ, ಆದರೆ ಅದು 15 ಜನರ ರಗ್ಬಿ ಯೂನಿಯನ್. ಬೇರೆ ಆಟ, ಬೇರೆ ಆಡಳಿತ. ನಮ್ಮವರನ್ನು ಎಲ್ಲಾದರೂ ಸೇರಿಸಲೇಬೇಕು ಎಂಬ ಹಟದಿಂದ ಲೇಖನಕ್ಕೆ ಲಾಭವಿಲ್ಲ.

ಮೈದಾನಗಳ ಹೆಸರುಗಳಲ್ಲೂ ಎಚ್ಚರ ಬೇಕು. ಹೆಡಿಂಗ್ಲಿ, ಓಲ್ಡ್ ಟ್ರಾಫರ್ಡ್ ಎಂದ ಕೂಡಲೇ ಕನ್ನಡ ಓದುಗರ ತಲೆಯಲ್ಲಿ ಕ್ರಿಕೆಟ್ ಪಿಚ್ ಬಿಚ್ಚಿಕೊಳ್ಳುತ್ತದೆ. ಹೆಡಿಂಗ್ಲಿಯಲ್ಲಿ ರಗ್ಬಿ ಮೈದಾನವೂ ಕ್ರಿಕೆಟ್ ಮೈದಾನವೂ ಬೆನ್ನಿಗೆ ಬೆನ್ನು ತಾಗಿಸಿಕೊಂಡಿವೆ. 2022ರಲ್ಲಿ ಜಿಲ್ಲರೂಸ್ ಫೈನಲ್ ಆಡಿದ ಓಲ್ಡ್ ಟ್ರಾಫರ್ಡ್ ಮಾತ್ರ ಮ್ಯಾಂಚೆಸ್ಟರ್ ಯುನೈಟೆಡ್ ಫುಟ್‌ಬಾಲ್ ಕ್ಲಬ್ಬಿನದು. ಅದೇ ವಿಶ್ವಕಪ್‌ನ ಗುಂಪು ಹಂತದಲ್ಲಿ, ಯಾರ್ಕ್‌ನಲ್ಲಿ, ಇದೇ ನ್ಯೂಜಿಲೆಂಡ್ ವಿರುದ್ಧ 10-8ರಿಂದ ಉಸಿರು ಬಿಗಿಹಿಡಿದು ಗೆದ್ದವರು ಕೆಲವೇ ದಿನಗಳ ನಂತರ ಫೈನಲ್‌ನಲ್ಲಿ 54-4 ಮಾಡಿದರು. ನೀವು ಎರಡನೆಯದನ್ನು ಮಾತ್ರ ಹೇಳಿದ್ದೀರಿ. ಪಕ್ಕಪಕ್ಕದಲ್ಲಿಟ್ಟರೆ ಓದುಗರು ತಾವಾಗಿಯೇ ನೆಟ್ಟಗೆ ಕೂರುತ್ತಾರೆ.

ಇಷ್ಟೂ ತಿದ್ದುಪಡಿಯ ಮಾತಾಯಿತು. ನನ್ನ ನಿಜವಾದ ದೂರು ಬೇರೆ. ನಿಮ್ಮ ಲೇಖನಕ್ಕೆ ಬೇಕಾದ ಎಳೆ ನಿಮ್ಮ ಕೈಯಲ್ಲೇ ಇದೆ, ನೀವು ಅದನ್ನು ಎರಡು ತುಂಡು ಮಾಡಿ ಎರಡು ಮೂಲೆಗೆ ಎಸೆದಿದ್ದೀರಿ.

ಒಂದು ತುಂಡು ಮೊದಲ ಪುಟದಲ್ಲಿದೆ. 1895ರ ಆಗಸ್ಟ್ 29ರಂದು ಇಂಗ್ಲೆಂಡಿನ ಹಡರ್ಸ್‌ಫೀಲ್ಡ್‌ನ ಜಾರ್ಜ್ ಹೋಟೆಲ್‌ನಲ್ಲಿ ಉತ್ತರ ಭಾಗದ ಕ್ಲಬ್ಬುಗಳು ಸೇರಿ ರಗ್ಬಿ ಯೂನಿಯನ್ನಿನಿಂದ ಸಿಡಿದು ಹೊರಬಂದವು. ಜಗಳ ಯಾವುದಕ್ಕೆ? ಗಣಿಯಲ್ಲೋ ಗಿರಣಿಯಲ್ಲೋ ದುಡಿಯುವವನು ಆಟಕ್ಕೆಂದು ಕೆಲಸ ತಪ್ಪಿಸಿದರೆ ಕಳೆದುಕೊಳ್ಳುವ ಕೂಲಿಯನ್ನು ಕ್ಲಬ್ ಭರಿಸಬಹುದೇ ಎಂಬುದಕ್ಕೆ. ಭರಿಸಬೇಕು ಎಂದವರು ಕಟ್ಟಿದ ಆಟವೇ ರಗ್ಬಿ ಲೀಗ್. ಇನ್ನೊಂದು ತುಂಡು ಏಳನೆಯ ಪುಟದಲ್ಲಿದೆ: ಆಸ್ಟ್ರೇಲಿಯಾದ ಮಹಿಳಾ ತಂಡದವರು ಆರಂಭದ ವರ್ಷಗಳಲ್ಲಿ ಪ್ರಯಾಣಕ್ಕೂ ಉಡುಪಿಗೂ ತಾವೇ ಹಣ ಹೊಂದಿಸಿಕೊಂಡು ದೇಶದ ಪರ ಆಡಿದರು. ಕೂಲಿ ಹೋಗಬಾರದು ಎಂಬ ಹಟದಿಂದ ಹುಟ್ಟಿದ ಆಟ, ನೂರು ವರ್ಷಗಳ ನಂತರ ಅದೇ ಆಟದ ಹೆಣ್ಣುಮಕ್ಕಳಿಂದ ಕೈಗಾಸು ಹಾಕಿಸಿಕೊಂಡು ಆಡಿಸಿತು. ನೀವು ಇವೆರಡನ್ನೂ ಬರೆದಿದ್ದೀರಿ, ಒಂದಕ್ಕೊಂದು ಮುಖ ತೋರಿಸಿಲ್ಲ!

ಈ ಎಳೆ ಹಿಡಿದರೆ ಉಳಿದದ್ದೆಲ್ಲ ತಂತಾನೇ ಸಾಲಿಗೆ ಬರುತ್ತದೆ. 1921ರಲ್ಲಿ ಅಷ್ಟು ಜನ ಬಂದರೂ ಲೀಗ್ ಆಡಳಿತದ ಬೆಂಬಲ ಸಿಗಲಿಲ್ಲ. ಆಮೇಲೆ ಅಲ್ಲೊಂದು ಇಲ್ಲೊಂದು ಪಂದ್ಯ ನಡೆದದ್ದೇ ಹೊರತು, ರಾಷ್ಟ್ರೀಯ ತಂಡವೊಂದು ಟೆಸ್ಟ್ (ಇಲ್ಲಿ ಅಂತರರಾಷ್ಟ್ರೀಯ ಪಂದ್ಯ) ಆಡಲು 1995ರವರೆಗೆ ಕಾಯಬೇಕಾಯಿತು. (1921ರ ಡಿಸೆಂಬರ್‌ನಲ್ಲೇ ಇಂಗ್ಲೆಂಡಿನ ಫುಟ್‌ಬಾಲ್ ಅಸೋಸಿಯೇಷನ್ ತನ್ನ ಮೈದಾನಗಳಿಗೆ ಮಹಿಳಾ ಪಂದ್ಯಗಳನ್ನು ಬಿಟ್ಟುಕೊಳ್ಳಬಾರದೆಂದು ಬಾಗಿಲು ಹಾಕಿತು. ಒಂದು ವಾಕ್ಯದಲ್ಲಿ ಸೇರಿಸಿ. ಆ ಕಾಲದ ಗಾಳಿ ಎತ್ತ ಬೀಸುತ್ತಿತ್ತು ಎಂಬುದು ಗೊತ್ತಾಗುತ್ತದೆ.) 1995ರ ಆ ತಂಡದಲ್ಲಿದ್ದ ವಿರಾಜುರಿ ಮೂಲನಿವಾಸಿ ಸಮುದಾಯದ ಕಟ್ರೀನಾ ಫ್ಯಾನಿಂಗ್ ಅವರ ಬಗ್ಗೆ ನಿಮ್ಮಲ್ಲಿ ಅರ್ಧ ವಾಕ್ಯವಿದೆ. ಒಂದು ಪ್ಯಾರಾ ಬೇಕು. 2017ರ ತಂಡದ ಜಂಟಿ ನಾಯಕಿಯರಲ್ಲಿ ಒಬ್ಬರಾದ ರುಆನ್ ಸಿಮ್ಸ್ ಅಗ್ನಿಶಾಮಕ ದಳದಲ್ಲಿ ಕೆಲಸ ಮಾಡುತ್ತಿದ್ದವರು. ಇದನ್ನು 'ಬಹುಮುಖ ಪ್ರತಿಭೆ' ಎಂದು ಹೊಗಳಿದ್ದೀರಿ. ಪ್ರತಿಭೆ ಇರಬಹುದು, ಜೊತೆಗೆ ಹೊಟ್ಟೆಪಾಡೂ ಇದೆ. ಆಟವೊಂದರಿಂದಲೇ ಮನೆ ನಡೆಯುವಂತಿದ್ದರೆ ಎರಡು ಕಡೆ ದುಡಿಯುವ ಪ್ರಮೇಯ ಯಾಕೆ ಬರುತ್ತಿತ್ತು ಎಂದು ಕೇಳಬೇಕಿತ್ತು. 2018ರಲ್ಲಿ ನಾಲ್ಕೇ ತಂಡಗಳೊಂದಿಗೆ ಶುರುವಾದ ಮಹಿಳಾ ಲೀಗ್ ಟೂರ್ನಿ 2023ಕ್ಕೆ ಹತ್ತಾಗಿ, 2025ಕ್ಕೆ ಹನ್ನೆರಡಾದದ್ದು, 2023ರ ವೇತನ ಒಪ್ಪಂದದಲ್ಲಿ ಮಹಿಳೆಯರು ಮೊದಲ ಬಾರಿಗೆ ಸೇರಿದ್ದು, ಇವೆಲ್ಲ ಆಗ ಒಣ ಅಂಕಿಗಳಾಗಿ ಉಳಿಯುವುದಿಲ್ಲ.

ಕೊನೆಯ ಭಾಗದ ಕುರಿತು ಒಂದು ಜಗಳ ಇದೆ. 2025ರ ಮಾರ್ಚ್ 1ರಂದು ಲಾಸ್ ವೇಗಸ್‌ನಲ್ಲಿ ಜಿಲ್ಲರೂಸ್ ಇಂಗ್ಲೆಂಡನ್ನು 90-4ರಿಂದ ಬಗ್ಗುಬಡಿದದ್ದನ್ನು ನೀವು ಪಟಾಕಿ ಹಚ್ಚಿ ಸಂಭ್ರಮಿಸಿದ್ದೀರಿ. ನನಗೆ ಆ ಸ್ಕೋರ್ ಓದಿ ಕಸಿವಿಸಿಯಾಯಿತು. 1996ರಲ್ಲಿ ಗ್ರೇಟ್ ಬ್ರಿಟನ್ ಮಹಿಳೆಯರು ಆಸ್ಟ್ರೇಲಿಯಾಕ್ಕೇ ಬಂದು ಸರಣಿಯನ್ನು 2-1ರಿಂದ ಗೆದ್ದುಕೊಂಡು ಹೋಗಿದ್ದರು. ಇದು ನಿಮ್ಮಲ್ಲಿ ಇಲ್ಲವೇ ಇಲ್ಲ. ಅಲ್ಲಿಂದ 90-4ರವರೆಗೆ ಬಂದದ್ದು ಒಂದು ದೇಶದ ಹೆಣ್ಣುಮಕ್ಕಳ ತೋಳಿನ ಬಲ ಕುಂದಿದ್ದರಿಂದ ಅಲ್ಲ. ಒಂದು ಕಡೆ ಟೂರ್ನಿಯೂ ಸಂಬಳವೂ ಬಂದವು, ಇನ್ನೊಂದು ಕಡೆ ಹೆಚ್ಚಿನವರು ಬೇರೆ ಕೆಲಸ ಮಾಡಿಕೊಂಡೇ ಆಡುತ್ತಿದ್ದಾರೆ. ಎಳೆ ಇಲ್ಲಿಯೂ ಅದೇ. ನೀವು ನನ್ನ ಮಾತನ್ನು ಒಪ್ಪದಿರಬಹುದು. ಒಪ್ಪದಿದ್ದರೆ ಕಾರಣ ಕೊಟ್ಟು ಬರೆಯಿರಿ, ಸಂತೋಷದಿಂದ ಹಾಕುತ್ತೇನೆ. ಪಟಾಕಿ ಮಾತ್ರ ಸಾಲದು.

ಭಾಷೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಿಮ್ಮ ವಾಕ್ಯಗಳು ಚಿಕ್ಕವಾದಾಗ ಚೆನ್ನಾಗಿವೆ, ಭಾವುಕರಾದಾಗ ಹಳಸುತ್ತವೆ. 'ರಣರಂಗದ ಸಿಂಹಿಣಿಯರು', 'ಇತಿಹಾಸದ ಪುಟಗಳಲ್ಲಿ ಸುವರ್ಣಾಕ್ಷರ', 'ಅಬಲೆಯಲ್ಲ ಸಬಲೆ' ಈ ಮೂರಕ್ಕೂ ಕೆಂಪು ಗೆರೆ ಎಳೆದಿದ್ದೇನೆ. ಅವುಗಳ ಬದಲು ಈ ಪದಕಗಳ ಹೆಸರು ನೋಡಿ: ನ್ಯೂ ಸೌತ್ ವೇಲ್ಸ್ ಮತ್ತು ಕ್ವೀನ್ಸ್‌ಲ್ಯಾಂಡ್ ರಾಜ್ಯಗಳ ನಡುವಿನ ಮಹಿಳಾ ಸ್ಟೇಟ್ ಆಫ್ ಒರಿಜಿನ್‌ನ ಶ್ರೇಷ್ಠ ಆಟಗಾರ್ತಿಗೆ ಕೊಡುವುದು 1921ರ ತಲೆಮಾರಿನ ನೆಲ್ಲಿ ಡೊಹರ್ಟಿ ಹೆಸರಿನ ಪದಕ, ಲೀಗ್ ಫೈನಲ್‌ನ ಶ್ರೇಷ್ಠ ಆಟಗಾರ್ತಿಗೆ ಕ್ಯಾರಿನ್ ಮರ್ಫಿ ಪದಕ. ಮರ್ಫಿ ಜಿಲ್ಲರೂಸ್ ನಾಯಕಿಯಾಗಿದ್ದವರು. ಕೆಂಪು ಗೆರೆ ಎಳೆದ ಜಾಗಗಳಿಗೆ ಈ ಎರಡು ಹೆಸರುಗಳೇ ಸಾಕು.

ತಿದ್ದಿದ ಪ್ರತಿ 1,800 ಪದ ಮೀರದಿರಲಿ. ಪಂದ್ಯಗಳ ಪಟ್ಟಿಯನ್ನು ಲೇಖನದೊಳಗೆ ತುರುಕಬೇಡಿ, ಬೇಕಾದರೆ ಪಕ್ಕದ ಚೌಕದಲ್ಲಿ ಹಾಕೋಣ. ಚಿತ್ರಗಳನ್ನು ಅಂತರ್ಜಾಲದಿಂದ ಎತ್ತಿ ಕಳಿಸಿದ್ದೀರಿ. ಹಕ್ಕುದಾರರ ಒಪ್ಪಿಗೆ ಇಲ್ಲದೆ ಬಳಸಲಾಗದು. ನೀವು ಅಲ್ಲೇ ಇದ್ದೀರಿ, ಋತು ಶುರುವಾದ ಮೇಲೆ ಒಂದು ಪಂದ್ಯಕ್ಕೆ ಹೋಗಿ ನಿಮ್ಮದೇ ಮೊಬೈಲಿನಲ್ಲಿ ತೆಗೆದು ಕಳಿಸಿ. ಮುಂದಿನ ತಿಂಗಳ ಸಂಚಿಕೆಗೆ ಅವಸರವಿಲ್ಲ.

ವಿಶ್ವಾಸದಿಂದ,
ಸಂಪಾದಕ