ಉದ್ರಿ ಖಾತೆ ಚುಕ್ತಾ ಆಗುವುದೇ ಇಲ್ಲ, ಯಾರಿಗೆ ಮೊದಲು ಕೊಡಲಿ?

ಪ್ರಶ್ನೆ: ನಮ್ಮದು ಘಟಪ್ರಭಾ ದಂಡೆಯ ಒಂದು ಹಳ್ಳಿ. ಒಂದೂವರೆ ಎಕರೆ ಕಬ್ಬು, ಎರಡು ಎಮ್ಮೆ ಇವೆ. ಊರಿನ ಕಿರಾಣಿ ಅಂಗಡಿಯಲ್ಲಿ 41,000 ರೂಪಾಯಿ ಉದ್ರಿ ಬಾಕಿ ಇದೆ. ತಿಂಗಳಿಗೆ ಎರಡೂವರೆ ಸಾವಿರ ಕೊಟ್ಟರೂ ಇಳಿಯುತ್ತಿಲ್ಲ. ಗೊಬ್ಬರದ ಅಂಗಡಿಯದು ಬಡ್ಡಿಯ 13,000 ಸೇರಿ 88,000 ಆಗಿದೆ. ನನ್ನ ಯಜಮಾನರು ಸಹಿ ಮಾಡಿದ ಖಾಲಿ ಚೆಕ್ಕು ಅವರ ಬಳಿ ಇದೆ. ಕಬ್ಬಿನ ಬಿಲ್ಲಿನಲ್ಲಿ ಸೊಸೈಟಿ ಸಾಲ ಕಡಿತವಾಗಿ ಕೈಗೆ 72,000 ಬರಬಹುದು. ಸಂಘದ ಸಾಲ ತೆಗೆದು ಕಿರಾಣಿಯದನ್ನು ಮುಟ್ಟಿಸಲೇ, ಕೊರಳಿನ ಬಂಗಾರದ ಬೋರಮಾಳ ಒತ್ತಿ ಇಡಲೇ? ಕಿರಾಣಿ ಅಂಗಡಿಯ ಕಾಕಾ ಎದುರಾದರೆ ಮುಖ ಎತ್ತಲು ಆಗುತ್ತಿಲ್ಲ. ಎರಡೂ ಅಂಗಡಿಯ ಲೆಕ್ಕದ ಫೋಟೊ ಕಳುಹಿಸಿದ್ದೇನೆ.
(ಹೆಸರು ಬೇಡ, ಮುಧೋಳ ತಾಲ್ಲೂಕು)

ಉತ್ತರ: ನೀವು ಕಳುಹಿಸಿದ ಕಿರಾಣಿ ವಹಿಯ ಪುಟದಲ್ಲಿಯೇ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರವಿದೆ. ಮೇಲ್ಗಡೆ ‘ಹಿಂದಿನ ಬಾಕಿ 40,200’, ಅದರ ಕೆಳಗೆ ಎಣ್ಣೆ, ಸಕ್ಕರೆ, ಚಹಾಪುಡಿ, ತೊಗರಿಬೇಳೆ ಎಂದು ತಿಂಗಳಿಡೀ ಹಚ್ಚಿದ ಸಾಮಾನು 3,300, ಕೊನೆಯಲ್ಲಿ ‘ಜಮಾ 2,500’, ಉಳಿದದ್ದು 41,000. ನೀವು ಕೊಟ್ಟ ಹಣ ಹಳೆಯ ಬಾಕಿಯನ್ನು ಮುಟ್ಟಲೇ ಇಲ್ಲ. ಆ ತಿಂಗಳು ಒಯ್ದ ಸಾಮಾನಿಗೇ ಸಾಲದೆ ಇನ್ನೂ 800 ರೂಪಾಯಿ ಬಾಕಿಗೆ ಸೇರಿತು. ಕಾಕಾ ಮೋಸ ಮಾಡಿಲ್ಲ, ನೀವೂ ಕೊಡದೆ ಇದ್ದಿಲ್ಲ. ಹಳೆಯದೂ ಹೊಸದೂ ಒಂದೇ ಖಾತೆಯಲ್ಲಿ ಹರಿಯುವವರೆಗೆ ಅದು ಹೀಗೆಯೇ ನಡೆಯುತ್ತದೆ.

ಆದ್ದರಿಂದ ಮೊದಲ ಕೆಲಸ, ಆ ಖಾತೆಗೆ ಅಡ್ಡಗೆರೆ ಎಳೆಸುವುದು. 41,000 ಎಂಬುದು ಅಲ್ಲಿಗೇ ನಿಲ್ಲಲಿ; ನಾಳೆಯಿಂದ ಒಯ್ಯುವುದೆಲ್ಲ ರೋಖ. ಹಣ ಕೊಡುವವರು ಅದು ಯಾವ ಬಾಕಿಗೆ ಜಮಾ ಆಗಬೇಕೆಂದು ಹೇಳುವ ಹಕ್ಕನ್ನು 1872ರ ಕರಾರು ಕಾಯ್ದೆಯ 59ನೇ ಕಲಂ ನೀಡುತ್ತದೆ. ಹೇಳದೆ ಸುಮ್ಮನಿದ್ದರೆ, ಎಲ್ಲಿಗೆ ಜಮಾ ಮಾಡಬೇಕೆಂಬುದು ಅಂಗಡಿಯವರ ಇಷ್ಟಕ್ಕೆ ಹೋಗುತ್ತದೆ. ಕೊಡುವಾಗಲೇ ‘ಇದು ಹಳೆ ಬಾಕಿಗೆ’ ಎಂದು ಹೇಳಿ, ಅವರ ವಹಿಯಲ್ಲಿಯೂ ನಿಮ್ಮ ಕೈಪುಸ್ತಕದಲ್ಲಿಯೂ ಬರೆಸಿಕೊಳ್ಳಿರಿ. ರೋಖಕ್ಕೆ ಕೊಳ್ಳಲು ಕೈಯಲ್ಲಿ ಹಣ ಬೇಕಲ್ಲ ಎಂದು ನೀವು ಕೇಳಬಹುದು. ಬೇಕು, ಅದನ್ನು ಕಬ್ಬಿನ ಬಿಲ್ಲಿನಲ್ಲಿ ಎಲ್ಲರಿಗಿಂತ ಮೊದಲು ತೆಗೆದಿಡಬೇಕು. ಬಂದ ಹಣವನ್ನೆಲ್ಲ ಒಂದೇ ದಿನ ಬಾಕಿಗೆ ಹಂಚಿ, ಮರುದಿನ ಒಂದು ಕಿಲೋ ಸಕ್ಕರೆಗೆ ಮತ್ತೆ ಅದೇ ಅಂಗಡಿಯ ಕಟ್ಟೆ ಹತ್ತಿದವರನ್ನು ನಾನು ಬಹಳ ನೋಡಿದ್ದೇನೆ.

ಗೊಬ್ಬರದ ಅಂಗಡಿಯ ಲೆಕ್ಕ ಬೇರೆಯೇ ಜಾತಿಯದು. ಆ ಚೀಟಿಯಲ್ಲಿ ಡಿಎಪಿ 6 ಚೀಲಕ್ಕೆ ತಲಾ 1,520, ಯೂರಿಯಾ 12 ಚೀಲಕ್ಕೆ ತಲಾ 320 ಎಂದು ಬರೆದಿದ್ದಾರೆ. ಡಿಎಪಿಯ 50 ಕಿಲೋ ಚೀಲದ ಗರಿಷ್ಠ ಮಾರಾಟ ಬೆಲೆ 1,350 ರೂಪಾಯಿ, ಯೂರಿಯಾದ 45 ಕಿಲೋ ಚೀಲದ್ದು 266 ರೂಪಾಯಿ 50 ಪೈಸೆ; ಚೀಲದ ಮೇಲೆಯೇ ಅಚ್ಚಾಗಿರುತ್ತದೆ. ‘ಉದ್ರಿ ದರ’ ಎಂಬ ಇನ್ನೊಂದು ದರಕ್ಕೆ 1985ರ ರಸಗೊಬ್ಬರ ನಿಯಂತ್ರಣ ಆದೇಶದಲ್ಲಿ ಜಾಗವಿಲ್ಲ. ಅದೇ ಆದೇಶದಂತೆ ರೋಖವಿರಲಿ, ಉದ್ರಿಯಿರಲಿ, ವ್ಯಾಪಾರಿಯು ರಸೀದಿ ಕೊಡಲೇಬೇಕು. ನಿಮ್ಮ ಚೀಟಿಯ ಪ್ರಕಾರ ಹೆಚ್ಚುವರಿಯಾಗಿ ಹಚ್ಚಿದ್ದು 1,662 ರೂಪಾಯಿ. ಮೊತ್ತ ಸಣ್ಣದು, ಆದರೆ ಮಾತುಕತೆಗೆ ಕೂತಾಗ ಅದರ ತೂಕ ದೊಡ್ಡದು, ಏಕೆಂದರೆ ಈ ಚೀಟಿ ಕೃಷಿ ಇಲಾಖೆಯವರ ಕಣ್ಣಿಗೆ ಬೀಳುವುದು ಯಾವ ಗೊಬ್ಬರದ ವ್ಯಾಪಾರಿಗೂ ಬೇಕಾಗಿರುವುದಿಲ್ಲ. ಬೆದರಿಕೆಯ ಮಾತು ಬೇಡ. ಚೀಟಿಯನ್ನು ಎದುರಿಗಿಟ್ಟು, ಲೆಕ್ಕ ಸರಿಮಾಡಿರಿ ಎಂದರೆ ಸಾಕು.

ದರ ಏರಿಸಿದ್ದಲ್ಲದೆ ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿಯನ್ನೂ ಹಾಕಿದ್ದಾರೆ. ವರ್ಷಕ್ಕೆ ಶೇ 24 ಆಯಿತು. ಸಾಮಾನು ಒಯ್ಯುವಾಗ ಬಡ್ಡಿಯ ಮಾತು ಆಗಿತ್ತೇ ಎಂದು ಯಜಮಾನರನ್ನು ನೆನಪಿಸಿಕೊಳ್ಳಲು ಹೇಳಿರಿ. ಒಪ್ಪಂದವಿಲ್ಲದಿದ್ದರೆ ವ್ಯಾಪಾರಿ ಕೇಳಿದ ದರವೇ ಅಂತಿಮವಲ್ಲ. ವ್ಯಾಜ್ಯವಾದರೆ ಬಡ್ಡಿ ಎಷ್ಟೆಂಬುದನ್ನು ನ್ಯಾಯಾಲಯ ತನ್ನ ವಿವೇಚನೆಯಿಂದ ನಿಗದಿ ಮಾಡುತ್ತದೆ. ಇನ್ನು ವಹಿಯಲ್ಲಿ ಬರೆದಿದೆ ಎಂಬ ಒಂದೇ ಕಾರಣಕ್ಕೆ ಯಾರ ಮೇಲೂ ಹೊಣೆ ಹೊರಿಸಲಾಗದು ಎಂದು 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 28ನೇ ಕಲಂ ಹೇಳುತ್ತದೆ.

ಆದರೆ ಖಾಲಿ ಚೆಕ್ಕು ಈ ಬಲವನ್ನೆಲ್ಲ ತಿಂದುಹಾಕುತ್ತದೆ, ಮತ್ತು ನಿಮ್ಮ ಪತ್ರದಲ್ಲಿ ನನ್ನನ್ನು ನಿಜವಾಗಿ ಚಿಂತೆಗೀಡು ಮಾಡಿದ್ದು ಅದೊಂದೇ. ಸಹಿ ಮಾಡಿ ಕೊಟ್ಟ ಚೆಕ್ಕಿನಲ್ಲಿ ಮೊತ್ತವನ್ನು ಬೇರೆಯವರು ತುಂಬಿದ್ದರೂ, ಅದನ್ನು ಸಾಲಕ್ಕಾಗಿಯೇ ಕೊಟ್ಟದ್ದೆಂದು ಕಾನೂನು ಊಹಿಸುತ್ತದೆ. ಅಲ್ಲವೆಂದು ತೋರಿಸುವ ಹೊರೆ ನಿಮ್ಮದು. ಅದು ಬೌನ್ಸ್ ಆದರೆ ವ್ಯಾಪಾರಿಯು 30 ದಿನಗಳೊಳಗೆ ನೋಟಿಸು ಕೊಡುತ್ತಾರೆ, ಅದು ಕೈಸೇರಿದ 15 ದಿನಗಳಲ್ಲಿ ಹಣ ಕಟ್ಟದಿದ್ದರೆ ನೆಗೋಷಿಯೇಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನ ಕ್ರಿಮಿನಲ್ ಪ್ರಕರಣ ಆಗಬಹುದು. ರಿಜಿಸ್ಟರ್ ಅಂಚೆ ಬಂದರೆ ‘ಮನೆಯಲ್ಲಿಲ್ಲ’ ಎಂದು ವಾಪಸು ಕಳುಹಿಸುವ ತಪ್ಪು ಮಾಡಬೇಡಿರಿ. ನಡುವೆ ಕೊಡುವ ಪ್ರತಿ ಕಂತಿಗೂ ಲೆಕ್ಕದ ಗುರುತು ಇರಲಿ, ಫೋನ್‌ಪೇಯಲ್ಲಿ ಹಾಕಿದರೆ ಇನ್ನೂ ಒಳ್ಳೆಯದು. ಸ್ವಲ್ಪ ಹಣ ಸಂದಾಯವಾದ ಮೇಲೂ ಅದನ್ನು ಚೆಕ್ಕಿನಲ್ಲಿ ನಮೂದಿಸದೆ ಪೂರ್ಣ ಮೊತ್ತಕ್ಕೇ ಬ್ಯಾಂಕಿಗೆ ಹಾಕಿದರೆ ಆ ಅಪರಾಧ ನಿಲ್ಲುವುದಿಲ್ಲ ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಕೊಟ್ಟದ್ದಕ್ಕೆ ಪುರಾವೆ ಬೇಕು.

ಈಗ ಹಂಚಿಕೆ. 72,000ದಲ್ಲಿ 12,000 ಮನೆಯ ರೋಖ ಖರ್ಚಿಗೆ, 15,000 ಕಾಕಾನ ಅಂಗಡಿಗೆ, 45,000 ಗೊಬ್ಬರದವರಿಗೆ. ಕಿರಾಣಿಯ ಉಳಿದ 26,000 ಬಡ್ಡಿಯಿಲ್ಲದ ಬಾಕಿ. ಅದಕ್ಕೆ ಹಾಲಿನ ಬಿಲ್ಲಿನಿಂದ ತಿಂಗಳಿಗೆ 2,000 ಕೊಟ್ಟರೆ 13 ತಿಂಗಳಲ್ಲಿ ಚುಕ್ತಾ ಆಗುತ್ತದೆ. ಬಡ್ಡಿಯಿಲ್ಲದ ಈ ಬಾಕಿಯನ್ನು ತೀರಿಸಲು ವಾರಕ್ಕೊಮ್ಮೆ ಕಂತು ಕೇಳುವ ಸಂಘದ ಸಾಲ ತೆಗೆಯುವುದು ಯಾವ ಲೆಕ್ಕದಲ್ಲಿಯೂ ಸರಿಯಲ್ಲ. ಬೋರಮಾಳದ ವಿಷಯದಲ್ಲಿ ಮಾತ್ರ ನನ್ನ ಅಭಿಪ್ರಾಯ ನಿಮಗೆ ಆಶ್ಚರ್ಯವಾದೀತು. ಗೊಬ್ಬರದವರು ಬಡ್ಡಿಯನ್ನೂ ಹೆಚ್ಚುವರಿ ದರವನ್ನೂ ಬಿಟ್ಟರೆ ಅಲ್ಲಿ ಉಳಿಯುವುದು ಸುಮಾರು 28,000. ಬ್ಯಾಂಕಿನಲ್ಲಿ ಬೋರಮಾಳವಿಟ್ಟು ಅಷ್ಟನ್ನೇ ತೆಗೆಯಿರಿ. ಬ್ಯಾಂಕಿನ ಬಂಗಾರದ ಸಾಲದ ಬಡ್ಡಿ ಶೇ 24ರ ಅರ್ಧದಷ್ಟೂ ಆಗದೆ ಇರಬಹುದು. ಬಿಲ್ಲಿನ 45,000ವನ್ನೂ ಈ ಸಾಲದ ಹಣವನ್ನೂ ಸೇರಿಸಿ ಒಂದೇ ದಿನ ಎದುರಿಗೆ ಎಣಿಸಿದರೆ ಬಡ್ಡಿ ಬಿಡಿಸುವುದು ಸುಲಭ, ಕಂತು ಕಂತಾಗಿ ಕೊಟ್ಟರೆ ಯಾರೂ ಬಿಡುವುದಿಲ್ಲ.

ಕಾರ್ಖಾನೆಯ ಹಣ ತಡವಾದರೆ 1966ರ ಕಬ್ಬು ನಿಯಂತ್ರಣ ಆದೇಶ ನೆನಪಿರಲಿ: ಕಬ್ಬು ಒಪ್ಪಿಸಿದ 14 ದಿನಗಳೊಳಗೆ ಬಿಲ್ಲು ಕೊಡಬೇಕು, ಮೀರಿದರೆ ಶೇ 15ರ ಬಡ್ಡಿ ಸೇರುತ್ತದೆ.

ಗೊಬ್ಬರದವರು ‘ಬಾಕಿ ಒಪ್ಪಿದ್ದೇನೆ’ ಎಂಬ ಕಾಗದಕ್ಕೆ ಸಹಿ ಕೇಳಬಹುದು. ಸರಕು ಕೊಟ್ಟ ದಿನದಿಂದ, ಇಲ್ಲವೇ ಮಾತಾದ ವಾಯಿದೆ ಮುಗಿದ ದಿನದಿಂದ, ಮೂರು ವರ್ಷಗಳೊಳಗೆ ಅವರು ದಾವೆ ಹೂಡಬೇಕು. ಆ ಅವಧಿಯೊಳಗೆ ನೀವು ಸಹಿ ಹಾಕಿದರೆ ಅದೇ ದಿನದಿಂದ ಹೊಸ ಮೂರು ವರ್ಷ ಎಣಿಕೆಯಾಗುತ್ತದೆ. ಅವಧಿ ಮೀರಿತೆಂದು ಕೈತೊಳೆದುಕೊಳ್ಳಲು ನಾನು ಇದನ್ನು ಹೇಳುತ್ತಿಲ್ಲ, ಲೆಕ್ಕ ಬಗೆಹರಿಯುವ ಮೊದಲು 88,000ಕ್ಕೆ ಸಹಿ ಬೀಳಬಾರದು ಎಂಬುದಕ್ಕಾಗಿ ಹೇಳುತ್ತಿದ್ದೇನೆ. ಮಾತುಕತೆ ಮುರಿದರೆ ಮುಧೋಳ ನ್ಯಾಯಾಲಯದಲ್ಲಿರುವ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿರಿ ಅಥವಾ 15100ಕ್ಕೆ ಕರೆ ಮಾಡಿರಿ. ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ ನೆರವು ಉಚಿತ, ದಾವೆಗೆ ಮೊದಲೇ ಲೋಕ ಅದಾಲತ್‌ನಲ್ಲಿ ರಾಜಿಯಾಗಬಹುದು.

ಚುಕ್ತಾ ಮಾಡುವ ದಿನ ಯಜಮಾನರ ಜೊತೆ ನೀವೂ ಹೋಗಿರಿ. ಚೆಕ್ಕು ಮೇಜಿನ ಮೇಲೆ ಬಂದ ಮೇಲೆ ಹಣ ಎಣಿಸಿರಿ, ‘ಎಲ್ಲ ಬಾಕಿ ಮುಟ್ಟಿದೆ’ ಎಂದು ಸಹಿ, ತಾರೀಖಿನೊಡನೆ ಬರೆಸಿಕೊಳ್ಳಿರಿ. ಕಾಕಾನ ಹತ್ತಿರ ಮಾತ್ರ ಬಿಲ್ಲು ಬರುವವರೆಗೆ ಕಾಯಬೇಡಿರಿ; ಇಂದೇ ಹೋಗಿ, ಯಾವ ತಿಂಗಳು ಎಷ್ಟು ಕೊಡುತ್ತೇವೆ ಎಂಬುದನ್ನು ಹೇಳಿ ಬನ್ನಿರಿ.