ಹೋರಿ ತೂಕ ಇರ್ಲಿ, ಅದರ ಅಮ್ಮನ ಕಥೆ ಹೇಳಿ

ಓದುಗರ ಪತ್ರ: ಮಾಂಸದ ದನ ಬೇಗ ತೂಕ ಬಂದ್ರೆ ಅಷ್ಟು ದಿನದ ಮೇವೂ ಉಳಿಯುತ್ತೆ, ದನ ತೇಗಿ ಬಿಡೋ, ಭೂಮಿ ಬಿಸಿ ಮಾಡೋ ಮೀಥೇನ್ ಅನಿಲವೂ ಕಮ್ಮಿ ಆಗುತ್ತೆ. ಬೇಗ ಬೆಳೆಯೋ ತಳಿ ಇದ್ರೆ ಸಾಕಲ್ವಾ? ಬಿಸಿಲು, ಉಣ್ಣಿ, ಮೇವಿನ ಬರ ತಡ್ಕೊಳ್ಳೋ ಗಟ್ಟಿತನ ಗಿಟ್ಟಿತನ ಅಂತ ಯಾಕೆ ಕೊರೀತೀರ?

ಸಂಪಾದಕರ ಉತ್ತರ: ಆ 'ಗಿಟ್ಟಿತನ' ಓದಿ ನಗು ಬಂತು, ಅದಕ್ಕೇ ಉಳಿದ ಪತ್ರ ಎಲ್ಲಾ ಪಕ್ಕಕ್ಕಿಟ್ಟು ನಿಮ್ದನ್ನೇ ಎತ್ಕೊಂಡೆ. ಬೇಗ ಬೆಳೆದ ಕರು ಕಮ್ಮಿ ದಿನ ತಿನ್ನುತ್ತೆ, ಒಪ್ಪಿದೆ. ಆದ್ರೆ ನಿಮ್ಮ ಲೆಕ್ಕದಲ್ಲಿ ಕರು ಇದೆ, ಅದರ ಅಮ್ಮ ಎಲ್ಲಿ? ಬಿಸಿಲಿಗೆ ಏದುಸಿರು ಬಿಟ್ಕೊಂಡು, ಮೇವು ಕಮ್ಮಿಯಾದ ವರ್ಷ ಬೆದೆಗೇ ಬರದೆ ನಿಂತ ದೊಡ್ಡ ಮೈಯಿನ ಹಸು ವರ್ಷಪೂರ್ತಿ ತಿನ್ನುತ್ತೆ, ಮೀಥೇನ್ ಬಿಡುತ್ತೆ, ಕರು ಮಾತ್ರ ಇಲ್ಲ. ಅದನ್ನ ಯಾರ ಖಾತೆಗೆ ಬರೀತೀರಿ?

ಬೆಲ್ಜಿಯನ್ ಬ್ಲೂ ಫೋಟೋ ನೋಡಿರ್ತೀರಿ, ಸ್ನಾಯು ಅತಿಯಾಗಿ ಬೆಳೆಯದ ಹಾಗೆ ತಡೆಯೋ ಮಯೋಸ್ಟಾಟಿನ್ ಅನ್ನೋ ಜೀನ್ ಕೆಲಸ ಮಾಡದೆ ತೊಡೆ ಎಲ್ಲಾ ಉಬ್ಬಿರೋ ದನ. ಮಾಂಸಕ್ಕೇನೂ ಬರ ಇಲ್ಲ, ಆದ್ರೆ ಶುದ್ಧ ತಳಿಯ ಹೆಚ್ಚಿನ ಕರುಗಳು ಹೊಟ್ಟೆ ಕೊಯ್ದೇ ಹೊರಗೆ ಬರ್ಬೇಕು.

ನಂಗೆ ಇಷ್ಟದ ಮನುಷ್ಯ ದಕ್ಷಿಣ ಆಫ್ರಿಕಾದ ದನದ ತಳಿ ವಿಜ್ಞಾನಿ ಯಾನ್ ಬಾನ್ಸ್ಮಾ. ಬ್ರಿಟಿಷ್ ತಳಿಗಳು ಅಲ್ಲಿನ ಸೆಖೆಗೆ ಸೊರಗೋದನ್ನ ನೋಡಿ, ಈತ ದನದ ಮೈಬಿಸಿ ಅಳೆದ, ಉಸಿರು ಎಣಿಸಿದ, ಕೂದಲು ನುಣುಪೋ ಉಣ್ಣೆ ಥರ ಗಂಟು ಕಟ್ಟುತ್ತೋ ಅಂತ ಪರೀಕ್ಷೆ ಮಾಡಿದ. ಆಮೇಲೆ ಅಲ್ಲಿನದೇ ಆಫ್ರಿಕಾನರ್ ತಳಿ ಎಂಟರಲ್ಲಿ ಐದು ಪಾಲು, ಉಳಿದದ್ದು ಬ್ರಿಟಿಷ್ ತಳಿಗಳಾದ ಹಿಯರ್‌ಫರ್ಡ್, ಶಾರ್ಟ್‌ಹಾರ್ನ್ ಬೆರೆಸಿ ಬಾನ್ಸ್‌ಮಾರಾ ತಳಿ ಮಾಡಿದ್ರು. ಕೆರಿಬಿಯನ್ ಸಮುದ್ರದ ಸೇಂಟ್ ಕ್ರೋಯ್ ದ್ವೀಪದ ಸೆನೆಪೋಲ್ ತಳಿಯ ಕಥೆಯೂ ಕೂದಲಿಂದೇ, ಗಿಡ್ಡ ನುಣುಪು ಕೂದಲು ಕೊಡೋ ಒಂದೇ ಜೀನ್ ಬಿಸಿಲಲ್ಲಿ ಮೈ ತಣ್ಣಗಿಡುತ್ತೆ. ಅಮೆರಿಕದ ಬ್ರಾಹ್ಮನ್ ತಳಿಯ ಬಗ್ಗೆ ಹೇಳೋದೇ ಬೇಡ, ಗೀರ್, ಓಂಗೋಲ್ ಜೊತೆ ನಮ್ಮ ಕೃಷ್ಣಾ ತೀರದ ರಕ್ತವೂ ಅದ್ರಲ್ಲಿದೆ, ಉಣ್ಣಿ ಸೆಖೆ ಎರಡಕ್ಕೂ ಬಗ್ಗಲ್ಲ.

'ಈಗ ದನದ ಜೀನ್ ಓದಿ ಗುಣ ಅಂದಾಜು ಮಾಡೋ ಡಿಎನ್ಎ ಚಿಪ್ ಇದ್ಯಲ್ಲ' ಅಂತೀರಿ. ಇದೆ, ಒಳ್ಳೇದೇ, ಗರ್ಭ ಕಟ್ಟೋ ಗುಣದಂಥವು ತೂಕದಷ್ಟು ಸಲೀಸಾಗಿ ಮುಂದಿನ ಪೀಳಿಗೆಗೆ ದಾಟಲ್ಲ, ಅಲ್ಲಿ ಚಿಪ್ ನಿಜವಾಗ್ಲೂ ಬೇಕು. ಆದ್ರೆ ಸಾವಿರಾರು ಹಸು ಯಾವಾಗ ಈದವು, ಎಷ್ಟು ಉಣ್ಣಿ ಹತ್ತಿತ್ತು ಅಂತ ಮೊದ್ಲು ಯಾರೋ ಬರೆದಿಟ್ಟಿದ್ರೆ ತಾನೆ ಚಿಪ್ ಏನಾದ್ರೂ ಹೇಳೋದು? ತೂಕ ಬರೆಯೋಕೆ ಎಲ್ಲರೂ ರೆಡಿ, ಬಿಸಿಲಲ್ಲಿ ಕೂತು ಉಣ್ಣಿ ಎಣಿಸೋಕೆ ಯಾರೂ ಇಲ್ಲ. ನಮ್ಮ ಪತ್ರಿಕೆಲೂ ಅದೇ ಹಾಡು, ಎಷ್ಟು ಜನ ಕ್ಲಿಕ್ ಮಾಡಿದ್ರು ಅಂತ ದಿನಾ ಬೆಳಿಗ್ಗೆ ಪಟ್ಟಿ ಬರುತ್ತೆ, ಯಾರು ಕತ್ತರಿಸಿ ಎತ್ತಿಟ್ಕೊಂಡ್ರು ಅಂತ ಯಾವ ಪಟ್ಟೀಲೂ ಇರಲ್ಲ.

ಸಿಟ್ಟಾಗ್ಬೇಡಿ, ಮತ್ತೆ ಬರೀರಿ. ನೀವು ಮೆಚ್ಚಿದ ಆ ಹೋರಿಯ ತಾಯಿ ಎಷ್ಟು ಸಲ ಈದಿತ್ತು, ಅದನ್ನೂ ಕೇಳ್ಕೊಂಡು ಬರೀರಿ.