ವಿಜಯಪುರದ ಬಿಸಿಲಿಗೆ ಉಪ್ಪುನೀರಿನ ಅಕ್ವೇರಿಯಂ

ಪ್ರಶ್ನೆ: ನಮ್ಮ ಉಪ್ಪುನೀರಿನ ಅಕ್ವೇರಿಯಂನಲ್ಲಿ ಬೇಸಿಗೆ ಶುರುವಾದಾಗಿನಿಂದ ನೀರು ದಿನಾ ಇಳಿಯುತ್ತಿದೆ. ಉಪ್ಪು ಕಲಸಿದ ನೀರನ್ನೇ ತುಂಬುತ್ತಿದ್ದೇನೆ. ಮೀನುಗಳು ಮಂಕಾಗಿವೆ. ಹವಳ ಹಾಕಬಹುದೇ?
– ಓದುಗರು, ವಿಜಯಪುರ

ಉತ್ತರ: ಮೊದಲು ಉಪ್ಪುನೀರು ತುಂಬೋದನ್ನು ನಿಲ್ಲಿಸಿ. ಆವಿಯಾಗಿ ಹೋಗೋದು ಬರೀ ನೀರು ಅಲ್ವಾ, ಉಪ್ಪು ತೊಟ್ಟಿಯಲ್ಲೇ ಉಳಿಯುತ್ತದೆ, ಹಾಗಾಗಿ ನೀವು ತುಂಬಿದಷ್ಟೂ ಉಪ್ಪು ಜಾಸ್ತಿ ಆಗುತ್ತಾ ಹೋಗುತ್ತದೆ. ಮೀನು ಮಂಕಾಗಿರೋದು ಇದಕ್ಕೇ ಇರಬಹುದು. ಇಳಿದಷ್ಟು ಆರ್‌ಒ ನೀರು ಹಾಕಿ. ನಮ್ಮ ಕಡೆಯ ಗಡಸು ಬೋರ್ ನೀರು ಬೇಡವೇ ಬೇಡ. ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರಿನ ಗಾಜಿನ ಮೇಲೆ ತೊಟ್ಟಿಯ ನೀರಿನ ಎರಡು ಹನಿ ಬಿಟ್ಟು ಬೆಳಕಿಗೆ ಹಿಡಿದು ನೋಡಿ, ನೀಲಿ ಬಿಳಿ ಸೇರುವ ಗೆರೆ ಸಾಂದ್ರತೆಯ ಅಳತೆಪಟ್ಟಿಯಲ್ಲಿ 1.025ರ ಹತ್ತಿರ ಇರಬೇಕು. ಮೇಲಿದ್ದರೆ ಒಂದೇ ಸಲಕ್ಕೆ ಇಳಿಸಬೇಡಿ, ಕೆಲವು ದಿನ ತಗೊಂಡು ನಿಧಾನವಾಗಿ ಇಳಿಸಿ.

ನೀರಿನ ಬಿಸಿ 25–26 ಡಿಗ್ರಿ ಇರಲಿ. ಹೊರಗೆ 40 ದಾಟಿದಾಗ ನೀರಿನ ಮೇಲೆ ಬೀಸುವ ಫ್ಯಾನ್ ಸಾಲದು, ನೀರನ್ನು ತಂಪು ಮಾಡುವ ಯಂತ್ರ, ಅಂದರೆ ಚಿಲ್ಲರ್ ಬೇಕು.

ಹವಳ ಈಗ ಬೇಡ. ಕಲ್ಲಿನಂತೆ ಬೆಳೆಯುವ ಹವಳಗಳು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಪಟ್ಟಿಯಲ್ಲಿವೆ, ನಮ್ಮ ಕಡಲಿನಿಂದ ಕಿತ್ತು ಮಾರೋದು ಅಪರಾಧ. ಯಾರೇ ಕಡಿಮೆ ಬೆಲೆಗೆ ಕೊಡ್ತೀನಿ ಅಂದರೂ ದಯವಿಟ್ಟು ತಗೋಬೇಡಿ.